ಮನೆಬಳಕೆಯ ಸಾಮಾನುಗಳ ವ್ಯಾಪಾರ ಮುದ್ರೆಗೆ ತಕ್ಕ ವರ್ಗವನ್ನು ಆರಿಸುವ ಬಗೆ

ಯಾದಗಿರಿ ಜಿಲ್ಲೆಯ ಗುರುಮಠಕಲ್ ತೆಲಂಗಾಣದ ಗಡಿಗೆ ಸಮೀಪವಾದ ಊರು. ಇಂಥ ಗಡಿನಾಡಿನ ಪೇಟೆಯಲ್ಲಿ ಕನ್ನಡ ಬಲ್ಲ ಗಿರಾಕಿಗಳೂ ಉಂಟು, ತೆಲುಗು ಬಲ್ಲವರೂ ಉಂಟು, ಉರ್ದುವಿನಲ್ಲಿ ದರ ಕೇಳುವವರೂ ಉಂಟು. ಯಾವ ಬರಹವನ್ನೂ ಓದಲಾರದವರೂ ಇಲ್ಲದಿಲ್ಲ. ಆದರೆ ರೊಟ್ಟಿಯ ಹಂಚಿನ ಹಿಂಬದಿಯಲ್ಲಿ ಒತ್ತಿದ ನವಿಲನ್ನಾಗಲಿ, ಕೊಡದ ಕೊರಳಿನಲ್ಲಿ ಕೊರೆದ ನಕ್ಷತ್ರವನ್ನಾಗಲಿ ಗುರುತಿಸುವುದಕ್ಕೆ ಅಕ್ಷರಜ್ಞಾನದ ಅವಶ್ಯಕತೆಯಿಲ್ಲ. ಹೋದ ವರ್ಷ ಕೊಂಡ ಹಂಚಿನಲ್ಲಿ ರೊಟ್ಟಿ ಹದವಾಗಿ ಬೆಂದಿದ್ದರೆ ಗೃಹಿಣಿಯು ಈ ವರ್ಷವೂ ಅದೇ ನವಿಲಿನ ಛಾಪನ್ನು ಕೇಳಿ ತೆಗೆದುಕೊಳ್ಳುವಳು. ಹೀಗೆ ಕೇಳಿ ಬರುವ ಗಿರಾಕಿಯೇ ತಯಾರಕನ ನಿಜವಾದ ಆಸ್ತಿ. ಈ ಆಸ್ತಿಗೆ ಸರ್ಕಾರದವರು ಕೊಡುವ ಪಟ್ಟಾವೇ ವ್ಯಾಪಾರ ಮುದ್ರೆಯ, ಅಂದರೆ ಟ್ರೇಡ್ ಮಾರ್ಕಿನ, ನೋಂದಾವಣೆ. ಪಟ್ಟಾದಲ್ಲಿ ಸರ್ವೆ ನಂಬರು ತಪ್ಪಿ ಬಿದ್ದರೆ ಆಗುವ ಫಜೀತಿಯನ್ನು ಒಕ್ಕಲುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುದ್ರೆಯ ಅರ್ಜಿಯಲ್ಲಿ ಕೇಳುವ ವರ್ಗದ ಸಂಖ್ಯೆಯು ಸರ್ವೆ ನಂಬರಿನಂಥದೇ ಆಗಿದೆ. ಆದರೂ ಅರ್ಜಿದಾರರಲ್ಲಿ ಅನೇಕರು ಅದನ್ನು ಗುಮಾಸ್ತನ ಕೆಲಸವೆಂದು ಬಗೆದು ಲಕ್ಷ್ಯವಿಡುವುದಿಲ್ಲ.

ಬೇಸಾಯದ ಕೆಲಸ ಕಡಮೆಯಾಗಿರುವ ತಿಂಗಳುಗಳಲ್ಲಿ ಮಡಕೆ, ಬುಟ್ಟಿ, ಕಸಬರಿಗೆ, ಕುಡಗೋಲು, ಚಟ್ನಿಪುಡಿ ಮೊದಲಾದುವನ್ನು ತಯಾರಿಸಿ ಮಾರುವ ಕುಟುಂಬಗಳೂ ಸ್ತ್ರೀಯರ ಸಂಘಗಳೂ ಈ ವಿಷಯವನ್ನು ಅರಿತಿರುವುದು ಅತ್ಯವಶ್ಯಕ.

ಈ ದೇಶದಲ್ಲಿ ಮುದ್ರೆಗಳ ನೋಂದಾವಣೆಗೆ ೧೯೪೦ರಲ್ಲಿ ಕಾಯಿದೆಯಾಯಿತು; ಬಳಿಕ ೧೯೫೮ರ ಕಾಯಿದೆ ಬಂದಿತು; ಈಗ ನಡೆಯುತ್ತಿರುವುದು ೧೯೯೯ರ ಕಾಯಿದೆ, ಅದು ೨೦೦೩ನೆಯ ಇಸವಿ ಸೆಪ್ಟೆಂಬರ್ ೧೫ರಿಂದ ಜಾರಿಯಲ್ಲಿದೆ. ವರ್ಗಗಳ ಪಟ್ಟಿಯು ಫ್ರಾನ್ಸಿನ ನೀಸ್ ನಗರದಲ್ಲಿ ೧೯೫೭ರಲ್ಲಿ ಆದ ಒಡಂಬಡಿಕೆಯನ್ನು ಅನುಸರಿಸಿದೆ. ಭಾರತವು ಈ ಒಡಂಬಡಿಕೆಗೆ ವಿಧಿಪೂರ್ವಕವಾಗಿ ಸೇರಿದ್ದು ೨೦೧೯ರಲ್ಲಾದರೂ ಪಟ್ಟಿಯನ್ನು ಅದಕ್ಕೆ ಮೊದಲೇ ಬಳಸುತ್ತಿತ್ತು. ಒಟ್ಟು ವರ್ಗಗಳು ೪೫. ಮೊದಲಿನ ೩೪ ವರ್ಗಗಳು ಸರಕುಗಳಿಗೂ ಉಳಿದ ೧೧ ಸೇವೆಗಳಿಗೂ ಮೀಸಲಾಗಿವೆ.

ಅಡಿಗೆಮನೆಯ ಸಾಮಾನಿಗೆ ಮುಖ್ಯವಾದುದು ೨೧ನೆಯ ವರ್ಗ. ಗಡಿಗೆ, ಕೊಡ, ತಂಬಿಗೆ, ಗಂಗಾಳ, ಪರಾತ, ರೊಟ್ಟಿಯ ಹಂಚು, ಲಟ್ಟಣಿಗೆ, ಜರಡಿ, ಬಕೀಟು, ಒಲೆಯ ಮೇಲಿಡುವ ಪ್ರೆಷರ್ ಕುಕ್ಕರು, ಗಾಜಿನ ಮತ್ತು ಪಿಂಗಾಣಿಯ ಪಾತ್ರೆಗಳು, ಮನೆಬಳಕೆಯ ಬುಟ್ಟಿ, ಕಸಬರಿಗೆ, ಬಾಚಣಿಗೆ ಇವೆಲ್ಲವೂ ಇದರಲ್ಲಿಯೇ ಸೇರುತ್ತವೆ. ಹೂಕುಂಡವೂ ಇಲಿಬೋನೂ ದನಗಳು ನೀರು ಕುಡಿಯುವ ತೊಟ್ಟಿಯೂ ಇದೇ ವರ್ಗಕ್ಕೆ ಬರುತ್ತವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಪಾತ್ರೆಯು ಮಣ್ಣಿನದೋ ತಾಮ್ರದ್ದೋ ಉಕ್ಕಿನದೋ ಎಂಬ ಭೇದವನ್ನು ಇಲ್ಲಿ ಎಣಿಸುವುದಿಲ್ಲ. ಬೆಳ್ಳಿಯ ಪಾತ್ರೆಗಳು ಹಿಂದೆ ಆಭರಣಗಳೊಡನೆ ೧೪ನೆಯ ವರ್ಗದಲ್ಲಿದ್ದುವು. ಈಗ ಅವೂ ೨೧ಕ್ಕೆ ಬಂದಿವೆ. ಹಳೆಯ ಅರ್ಜಿಯ ನಕಲನ್ನು ನೋಡಿ ಹೊಸ ಅರ್ಜಿ ಬರೆಯುವವರು ಇದನ್ನು ಗಮನಿಸತಕ್ಕದ್ದು.

ಹಾಗೆಂದ ಮಾತ್ರಕ್ಕೆ ಅಡಿಗೆಮನೆಯಲ್ಲಿರುವ ಯಾವತ್ತೂ ವಸ್ತುಗಳು ೨೧ಕ್ಕೇ ಸೇರುವುವೆಂದು ತಿಳಿಯಕೂಡದು. ಬಾಂಡೆ ಸಾಮಾನಿನ ಅಂಗಡಿಯಲ್ಲಿ ಒಂದೇ ಹಲಗೆಯ ಮೇಲಿರುವ ವಸ್ತುಗಳು ಪಟ್ಟಿಯಲ್ಲಿ ಐದಾರು ಕಡೆ ಚೆದರಿಹೋಗುತ್ತವೆ. ಚಾಕು, ಊಟದ ಚಮಚ, ತರಕಾರಿ ಹೆಚ್ಚುವ ಕೈಸಾಧನ ಇವು ೮ನೆಯ ವರ್ಗಕ್ಕೆ ಸೇರಿದವು. ಅಲ್ಲಿ ಇವುಗಳಿಗೆ ಕುಡಗೋಲೇ ಮೊದಲಾದ ಕೈಹತ್ಯಾರಗಳು ನೆರೆಯವರು. ಆದರೆ ಅಡಿಗೆಯನ್ನು ಕಲಸುವ ದೊಡ್ಡ ಚಮಚವು ಅಡಿಗೆಯ ಉಪಕರಣವೆನಿಸಿ ೨೧ಕ್ಕೇ ಬರುತ್ತದೆ. ಒಂದೇ ಕಮ್ಮಾರಸಾಲೆಯಲ್ಲಿ ಒಂದೇ ತಗಡಿನಿಂದ ಮಾಡಿದ ಎರಡು ಚಮಚಗಳು ಎರಡು ವರ್ಗಕ್ಕೆ ಹೋಗುವುದು ವಿಚಿತ್ರವಾಗಿ ಕಾಣುವುದು ನಿಜ. ಪಟ್ಟಿಯು ನೋಡುವುದು ತಗಡನ್ನಲ್ಲ, ಉಪಯೋಗವನ್ನು.

ಎರಡನೆಯದಾಗಿ ನೋಡಬೇಕಾದುದು ವಸ್ತುವನ್ನು ನಡೆಯಿಸುವ ಶಕ್ತಿ ಯಾವುದೆಂಬುದು. ಕೈಯಿಂದ ತಿರುಗಿಸುವ ಮನೆಯ ಬೀಸುವ ಯಂತ್ರವು ೨೧ನೆಯ ವರ್ಗದ್ದು. ಅದೇ ಕೆಲಸವನ್ನು ವಿದ್ಯುತ್ತಿನಿಂದ ಮಾಡುವ ಮಿಕ್ಸರೂ ಗ್ರೈಂಡರೂ ೭ನೆಯ ವರ್ಗದವು, ನೇಗಿಲು ಇರುವುದೂ ಅಲ್ಲಿಯೇ. ಶಾಖವನ್ನು ತಾನೇ ಹುಟ್ಟಿಸುವ ಒಲೆ, ಗ್ಯಾಸ್ ಸ್ಟೌ, ವಿದ್ಯುತ್ ಕುಕ್ಕರು ೧೧ನೆಯ ವರ್ಗಕ್ಕೆ ಸೇರುತ್ತವೆ. ಕಂದೀಲೂ ಎಣ್ಣೆಯ ದೀಪವೂ ಹನ್ನೊಂದೇ. ದೀಪದ ಬತ್ತಿ ೪. ಬೆಂಕಿಪೆಟ್ಟಿಗೆಯಂತೂ ತಂಬಾಕಿನ ಜೊತೆಗೆ ೩೪ರಲ್ಲಿ ಕುಳಿತಿದೆ. ಚಾಪೆ ೨೭, ಕಂಬಳಿ ೨೪, ತೊಟ್ಟಿಲು ೨೦, ಸಾಬೂನು ೩. ದಾಸ್ತಾನಿಗೂ ಸಾಗಾಣಿಕೆಗೂ ಬಳಸುವ ಪೀಪಾಯಿಯು ಲೋಹದ್ದಾದರೆ ೬, ಮರದ್ದಾದರೆ ೨೦. ಮೇಲೆ ಅಡಿಗೆಯ ಪಾತ್ರೆಗೆ ಇಲ್ಲವೆಂದ ಲೋಹಭೇದ ಇಲ್ಲಿ ಉಂಟು.

ರೈತಕುಟುಂಬಗಳ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚಿನ ಮೋಸವಿರುವುದು ಡಬ್ಬಿಯ ವಿಷಯದಲ್ಲಿ. ಒಂದು ಸಂಘದವರು ಶೇಂಗಾ ಚಟ್ನಿಯನ್ನು ಚೆಂದದ ಡಬ್ಬಿಯಲ್ಲಿ ತುಂಬಿ ಅದರ ಮೇಲೆ ತಮ್ಮ ಛಾಪನ್ನು ಅಂಟಿಸುತ್ತಾರೆಂದು ಭಾವಿಸಬಹುದು. ಛಾಪು ಇರುವುದು ಡಬ್ಬಿಯ ಮೇಲೆ, ಡಬ್ಬಿಯು ಅಡಿಗೆಮನೆಯ ಸಾಮಾನು, ಆದಕಾರಣ ೨೧ ಎಂದು ಬರೆದರೆ ಅವರಿಗೆ ದೊರೆಯುವುದು ಬರಿದಾದ ಡಬ್ಬಿಯ ಹಕ್ಕು ಮಾತ್ರ. ಗಿರಾಕಿಯು ಹಣ ಕೊಡುವುದು ಚಟ್ನಿಗೆ. ಚಟ್ನಿ, ರೊಟ್ಟಿ, ಹಿಟ್ಟು, ಮಸಾಲೆಗಳಿಗೆ ೩೦ನೆಯ ವರ್ಗವೂ, ಉಪ್ಪಿನಕಾಯಿ ಮತ್ತು ಅಡಿಗೆಯ ಎಣ್ಣೆಗೆ ೨೯ನೆಯದೂ, ಬಿತ್ತನೆಯ ಬೀಜಕ್ಕೆ ೩೧ನೆಯದೂ ತಕ್ಕವು. ಹಾಗೆಯೇ ಬೇರೆಯವರು ತಯಾರಿಸಿದ ಪಾತ್ರೆಗಳನ್ನು ತಂದು ಮಾರುವ ಅಂಗಡಿಯವನಿಗೆ ರಕ್ಷಣೆ ಬೇಕಾದುದು ಅಂಗಡಿಯ ಹೆಸರಿಗೆ. ಮಾರಾಟದ ಸೇವೆಯು ೩೫ನೆಯ ವರ್ಗದಲ್ಲಿದೆ.

ಒಂದೇ ಕಸುಬು ಹಲವು ವರ್ಗಗಳನ್ನು ಕೇಳುವುದಕ್ಕೆ ಬೀದರಿನ ಬಿದರಿ ಕೆಲಸವು ಒಳ್ಳೆಯ ನಿದರ್ಶನ. ಅದಕ್ಕೆ ದೊರೆತಿರುವುದು ಭೌಗೋಳಿಕ ಸೂಚಕದ ನೋಂದಾವಣೆ. ಅದರ ಕಾಯಿದೆ ಬೇರೆಯಾದರೂ ಸರಕುಗಳ ೩೪ ವರ್ಗಗಳು ಅಲ್ಲಿಯೂ ಇವೆ. ಬಿದರಿಯು ೬, ೨೧, ೩೪ ಎಂಬ ಮೂರು ವರ್ಗಗಳಲ್ಲಿ ದಾಖಲಾಗಿದೆ. ಲೋಹದ ವಸ್ತುವಿಗೆ ಆರು, ಹೂದಾನಿಯಂಥ ಮನೆಯ ಸಾಮಾನಿಗೆ ಇಪ್ಪತ್ತೊಂದು, ಧೂಮಪಾನದ ಸಾಧನಕ್ಕೆ ಮೂವತ್ತನಾಲ್ಕು: ಹುಕ್ಕಾ ಬಿದರಿಯವರ ಹಳೆಯ ಸರಕೆಂಬುದನ್ನು ನೆನೆದರೆ ಕೊನೆಯದರ ಔಚಿತ್ಯ ತಿಳಿಯುತ್ತದೆ.

ವರ್ಗ ಸರಿಯಾಗಿ ಸಿಕ್ಕಿದ ಮೇಲೆ ಅದರಲ್ಲಿರುವ ಸಾಮಾನುಗಳೆಲ್ಲವನ್ನೂ ಬರೆದುಬಿಡೋಣವೆಂಬ ಆಸೆ ಹುಟ್ಟುವುದು ಸಹಜ. ಇದು ಹಿತವಲ್ಲ. ಹೈದರಾಬಾದಿನ ವಜೀರ್ ಸುಲ್ತಾನ್ ತಂಬಾಕು ಕಂಪನಿಯವರು ‘ಚಾರ್‌ಮಿನಾರ್’ ಮುದ್ರೆಯನ್ನು ತಯಾರಾದ ತಂಬಾಕಿನ ಸಮಸ್ತ ಪದಾರ್ಥಗಳಿಗೂ ನೋಂದಾಯಿಸಿದ್ದರು. ತಯಾರಿಸುತ್ತಿದ್ದುದು ಮಾತ್ರ ಸಿಗರೇಟು. ಜರ್ದಾ ಮತ್ತು ಕಿವಾಮು ಮಾರುವ ವಿಷ್ಣುದಾಸ್ ಎಂಬವರು ತಕರಾರೆತ್ತಿದಾಗ, ಮಾಡದ ಸರಕಿನ ಮೇಲೆ ಹೀಗೆ ಏಕಸ್ವಾಮ್ಯವನ್ನು ಹಿಡಿದಿಟ್ಟುಕೊಳ್ಳಲಾಗದೆಂದು ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಐದು ವರ್ಷಕ್ಕೂ ಮೇಲ್ಪಟ್ಟು ಬಳಸದೆ ಬಿಟ್ಟ ಮುದ್ರೆಯನ್ನು ತೆಗೆದುಹಾಕಿಸುವ ದಾರಿಯೂ ಕಾಯಿದೆಯಲ್ಲಿ ಉಂಟು. ಬೀಳುಬಿಟ್ಟ ಹೊಲಕ್ಕೆ ಪಕ್ಕದವನ ದನ ನುಗ್ಗುವಂತೆಯೇ ಇದು.

ಕರ್ನಾಟಕದಲ್ಲಿ ಎಲ್ಲರೂ ಬಲ್ಲ ‘ನಂದಿನಿ’ ಹಾಲಿನ ವ್ಯಾಜ್ಯದಿಂದ ಇನ್ನೊಂದು ಸಂಗತಿ ತಿಳಿಯುತ್ತದೆ. ಹಾಲು ಉತ್ಪಾದಕರ ಸಹಕಾರಿ ಮಹಾಮಂಡಲವು ಆ ಹೆಸರನ್ನು ೧೯೮೫ರಿಂದ ಬಳಸುತ್ತಿತ್ತು. ಬೆಂಗಳೂರಿನ ನಂಧಿನಿ ಡಿಲಕ್ಸ್ ಹೋಟೆಲಿನವರು ತಮ್ಮ ಹೆಸರನ್ನು ೧೯೮೯ರಿಂದ ಬಳಸುತ್ತಿದ್ದರು. ಹೋಟೆಲಿನವರು ೨೯ ಮತ್ತು ೩೦ನೆಯ ವರ್ಗಗಳ ಆಹಾರ ಪದಾರ್ಥಗಳಿಗೆ ನೋಂದಾವಣೆ ಕೇಳಲು, ಮಹಾಮಂಡಲವು ವಿರೋಧಿಸಿತು. ವ್ಯಾಜ್ಯವು ಹಂತಹಂತವಾಗಿ ಏರಿ, ೨೦೧೮ನೆಯ ಇಸವಿ ಜುಲೈ ೨೬ರಂದು ಸರ್ವೋಚ್ಚ ನ್ಯಾಯಾಲಯವು ಹೋಟೆಲಿನವರ ಪರವಾಗಿ ತೀರ್ಪಿತ್ತಿತು. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಅವರಿಗೆ ಕೊಡಲಿಲ್ಲ. ವರ್ಗ ಒಂದೇ ಆದ ಮಾತ್ರದಿಂದ ಸರಕು ಒಂದೇ ಆಗದೆಂಬುದು ಇದರಿಂದ ಸ್ಪಷ್ಟವಾಯಿತು. ಆದಕಾರಣ ವರ್ಗದ ಸಂಖ್ಯೆಯಷ್ಟೇ ಎಚ್ಚರಿಕೆಯಿಂದ ಅದರ ಕೆಳಗೆ ಸರಕಿನ ಹೆಸರುಗಳನ್ನೂ ಬರೆಯಬೇಕು: ಮಾಡುತ್ತಿರುವುದನ್ನೂ, ಮಾಡುವ ನಿಜವಾದ ಉದ್ದೇಶವಿರುವುದನ್ನೂ ಬರೆದು ಅಲ್ಲಿಗೆ ನಿಲ್ಲಿಸತಕ್ಕದ್ದು.

ಮೊದಲೇ ಇಷ್ಟು ಜಾಗರೂಕತೆ ಏಕೆಂದರೆ, ಅರ್ಜಿಯಲ್ಲಿ ಇಲ್ಲದ ಸರಕನ್ನು ತಿದ್ದುಪಡಿಯ ಮೂಲಕ ಆಮೇಲೆ ಸೇರಿಸಲು ೨೦೧೭ರ ನಿಯಮಗಳು ಅವಕಾಶ ಕೊಡುವುದಿಲ್ಲ. ರೊಟ್ಟಿಯ ಹಂಚನ್ನು ಮಾಡುವವನು ತಪ್ಪಿ ಒಲೆಯೆಂದು ೧೧ರಲ್ಲಿ ಹಾಕಿದರೆ ಹೊಸ ಅರ್ಜಿಯನ್ನೇ ಹಾಕಬೇಕು. ನೋಂದಾವಣೆಯ ಹಕ್ಕು ಅರ್ಜಿಯ ತಾರೀಖಿನಿಂದ ಲೆಕ್ಕಕ್ಕೆ ಬರುವುದರಿಂದ, ಈ ನಡುವೆ ಮತ್ತೊಬ್ಬನು ಅಂಥದೇ ನವಿಲನ್ನು ೨೧ರಲ್ಲಿ ಕೇಳಿದ್ದರೆ ತಾರೀಖಿನ ಲಾಭ ಅವನದಾಗುತ್ತದೆ. ತಾನೇ ಮೊದಲು ಬಳಸಿದವನೆಂದು ತೋರಿಸಿ ಹೋರಾಡಬಹುದು, ಆದರೆ ಅದಕ್ಕೆ ಹಳೆಯ ಬಿಲ್ಲುಗಳೂ ಲೆಕ್ಕದ ಪುಸ್ತಕಗಳೂ ಬೇಕು; ಸಂತೆಯಲ್ಲಿ ರೊಕ್ಕಕ್ಕೆ ಮಾರುವವನ ಬಳಿ ಅವು ಇರುವುದು ಅಪರೂಪ.

ಅದೇ ನಿಯಮಗಳ ಪ್ರಕಾರ, ವ್ಯಕ್ತಿಗಳೂ ಸಣ್ಣ ಉದ್ಯಮದವರೂ ಅಂತರ್ಜಾಲದ ಮೂಲಕ ಅರ್ಜಿ ಹಾಕಿದರೆ ಫೀಜು ಒಂದೊಂದು ವರ್ಗಕ್ಕೆ ೪,೫೦೦ ರೂಪಾಯಿ. ಹಂಚು, ಚಾಕು, ಒಲೆ ಮೂರನ್ನೂ ಮಾಡುವವನು ಒಂದೇ ಅರ್ಜಿಯಲ್ಲಿ ಮೂರು ವರ್ಗಗಳನ್ನು ಕೇಳಬಹುದು; ಫೀಜು ಮಾತ್ರ ೧೩,೫೦೦ ಆಗುತ್ತದೆ. ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಹೆಚ್ಚು ಮಾರಾಟವಾಗುವ ಸರಕಿನ ವರ್ಗವನ್ನು ಮೊದಲು ಹಿಡಿಯುವುದು ಲೇಸು. ಕರ್ನಾಟಕದ ಅರ್ಜಿಗಳು ಚೆನ್ನೈಯಲ್ಲಿರುವ ರಿಜಿಸ್ಟ್ರಿಯ ಕಛೇರಿಗೆ ಸೇರುತ್ತವೆ. ಒಂದು ವಸ್ತುವು ಯಾವ ವರ್ಗದ್ದೆಂಬ ಸಂಶಯ ಬಂದಲ್ಲಿ ರಿಜಿಸ್ಟ್ರಾರರ ನಿರ್ಣಯವೇ ಕೊನೆಯದು. ಊರಿನ ಹೆಸರನ್ನಾಗಲಿ, ‘ಗಟ್ಟಿ ಪಾತ್ರೆ’ ಎಂಬಂಥ ಗುಣವಾಚಕವನ್ನಾಗಲಿ ಮುದ್ರೆಯಾಗಿ ಕೇಳಿದರೆ ವರ್ಗ ಸರಿಯಿದ್ದರೂ ಆಕ್ಷೇಪಣೆ ಬರುತ್ತದೆ.

ಅರ್ಜಿಯು ಅಂಗೀಕಾರವಾಗಿ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ವಿರೋಧಿಸುವವರಿಗೆ ನಾಲ್ಕು ತಿಂಗಳ ವಾಯಿದೆಯಿದೆ. ನೋಂದಾವಣೆಯಾದ ಮುದ್ರೆಯು ಹತ್ತು ವರ್ಷ ನಡೆಯುತ್ತದೆ, ಬಳಿಕ ಹತ್ತತ್ತು ವರ್ಷಕ್ಕೆ ನವೀಕರಿಸಬಹುದು. ಅದು ಗಡಿಯಾಚೆಯ ನಾರಾಯಣಪೇಟೆಯಲ್ಲಿಯೂ ಗುರುಮಠಕಲ್ಲಿನಲ್ಲಿದ್ದಷ್ಟೇ ಸಲ್ಲುತ್ತದೆ. ಅಲ್ಲಿ ಯಾರಾದರೂ ಛಾಪನ್ನು ಕದ್ದರೆ, ನೋಂದಾಯಿತ ಮಾಲೀಕನು ತಾನು ವಾಸಿಸುವ ಅಥವಾ ವ್ಯಾಪಾರ ಮಾಡುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ದಾವೆ ಹೂಡಲು ೧೯೯೯ರ ಕಾಯಿದೆಯ ೧೩೪ನೆಯ ಕಲಮು ಅನುವು ಮಾಡಿಕೊಟ್ಟಿದೆ.