ಎತ್ತರದವರ ಆಟವಂತೆ, ಪೇಟೆಯವರ ಆಟವಂತೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಶಾಲೆಯ ಹೆಣ್ಣುಮಕ್ಕಳ ಆಟ ಅಂದರೆ ಮೊದಲು ಖೋಖೋ, ಕಬಡ್ಡಿ, ಥ್ರೋಬಾಲ್. ಬ್ಯಾಸ್ಕೆಟ್‌ಬಾಲ್ ಮಾತು ಬಂದರೆ ‘ಅದು ನಮ್ಮಂಥವರದಲ್ಲ’ ಅಂತ ಅಲ್ಲಿಗೇ ಮುಗಿಸಿಬಿಡುತ್ತಾರೆ. ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ತುಣುಕುಗಳು ಮೊಬೈಲಿಗೆ ಬರತೊಡಗಿದ ಮೇಲೆ ಹಳೆಯ ನಂಬಿಕೆಗಳ ಜೊತೆಗೆ ಹೊಸವೂ ಸೇರಿಕೊಂಡಿವೆ.

ನಂಬಿಕೆ: ಉದ್ದ ಇದ್ದವರಷ್ಟೇ ಆಡಬಹುದು, ಆಡಿದರೆ ಉದ್ದ ಆಗುತ್ತಾರೆ

ಎರಡನೆಯದನ್ನು ಮೊದಲು ನೋಡೋಣ, ಯಾಕೆಂದರೆ ಅಪ್ಪ-ಅಮ್ಮಂದಿರು ಮಗಳನ್ನು ಬೇಸಿಗೆ ಶಿಬಿರಕ್ಕೆ ಸೇರಿಸುವುದು ಬಹುಮಟ್ಟಿಗೆ ಇದೇ ಆಸೆಯಿಂದ. ಎತ್ತರವನ್ನು ಹೆಚ್ಚಾಗಿ ನಿರ್ಧರಿಸುವುದು ವಂಶವಾಹಿ. ಅದರ ಮೇಲೆ ಬಾಲ್ಯದ ಊಟ, ಆರೋಗ್ಯ. ಹುಡುಗಿಯರಲ್ಲಿ ಮುಟ್ಟು ಶುರುವಾದ ಎರಡು-ಮೂರು ವರ್ಷದಲ್ಲಿ ಬೆಳವಣಿಗೆ ಬಹುತೇಕ ನಿಲ್ಲುತ್ತದೆ. ಎಷ್ಟು ಹಾರಿದರೂ ಎಲುಬು ಅದಕ್ಕಾಗಿ ಉದ್ದವಾಗುವುದಿಲ್ಲ. ಉದ್ದ ಇದ್ದವರನ್ನೇ ಆರಿಸಿ ತಂಡ ಕಟ್ಟುತ್ತಾರೆ, ನಾವು ಆ ತಂಡ ನೋಡಿ ಆಟವೇ ಅವರನ್ನು ಬೆಳೆಸಿತು ಅಂದುಕೊಳ್ಳುತ್ತೇವೆ.

ಇನ್ನು ಮೊದಲ ಮಾತು. ಎತ್ತರ ಲಾಭವೇ, ಅದನ್ನು ಅಲ್ಲಗಳೆಯುವುದು ಸುಳ್ಳು ಸಮಾಧಾನ. ಆದರೆ ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 18 ಅಸಿಸ್ಟ್ (ಜೊತೆಗಾತಿ ಅಂಕ ಗಳಿಸುವಂತೆ ಕೊಡುವ ಪಾಸ್) ಕೊಟ್ಟು ಒಲಿಂಪಿಕ್ ದಾಖಲೆ ಮಾಡಿದ ಜಪಾನಿನ ರುಯಿ ಮಚಿದಾ ಎತ್ತರ 162 ಸೆಂ.ಮೀ. ಅಂದರೆ ಐದು ಅಡಿ ನಾಲ್ಕು ಇಂಚು. ನಮ್ಮ ಯಾವ ಹೈಸ್ಕೂಲಿನಲ್ಲೂ ಅಷ್ಟೆತ್ತರದ ಹುಡುಗಿ ಸಿಗುತ್ತಾಳೆ. ಎತ್ತರದಲ್ಲಿ ಹಿಂದಿದ್ದ ಆ ಜಪಾನ್ ತಂಡ ಓಟ ಮತ್ತು ಮೂರು ಅಂಕದ ಹೊಡೆತಗಳನ್ನೇ ನಂಬಿ ಬೆಳ್ಳಿ ಗೆದ್ದಿತು. ಮಚಿದಾ ಮರುವರ್ಷ ಡಬ್ಲ್ಯುಎನ್‌ಬಿಎಯ ವಾಷಿಂಗ್ಟನ್ ಮಿಸ್ಟಿಕ್ಸ್‌ಗೂ ಆಡಿದಳು. ಆ ಲೀಗಿನಲ್ಲಿ ಅವಳಿಗಿಂತ ಗಿಡ್ಡ, ಐದು ಅಡಿ ಎರಡು ಇಂಚಿನ ಶಾನನ್ ಬಾಬಿಟ್ ಕೂಡ ಆಡಿ ಹೋಗಿದ್ದಾಳೆ.

ನಂಬಿಕೆ: ಹೆಂಗಸರದು ಹಗುರ ಮಾಡಿದ ಆಟ

ಈ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. 1891ರಲ್ಲಿ ಜೇಮ್ಸ್ ನೈಸ್ಮಿತ್ ಆಟ ಹುಟ್ಟುಹಾಕಿದ ಕೆಲವೇ ತಿಂಗಳಲ್ಲಿ ಅಮೆರಿಕದ ಸ್ಮಿತ್ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನು ಹುಡುಗಿಯರಿಗೆ ಕಲಿಸಿದಳು. ದಣಿಯಬಾರದೆಂದು ಕೋರ್ಟನ್ನು ಮೂರು ಭಾಗ ಮಾಡಿ, ಒಬ್ಬೊಬ್ಬಳೂ ತನ್ನ ಭಾಗ ದಾಟದಂತೆ ನಿಯಮವಿಟ್ಟಳು. ಆಯೊವಾ ರಾಜ್ಯದ ಹೈಸ್ಕೂಲುಗಳಲ್ಲಿ ಹುಡುಗಿಯರು ಅರ್ಧ ಕೋರ್ಟಿಗೆ ಸೀಮಿತವಾದ ಆರು ಜನರ ಆಟವನ್ನು 1993ರವರೆಗೂ ಆಡುತ್ತಿದ್ದರು. ಈಗ ಹಾಗಿಲ್ಲ. ರಿಂಗಿನ ಎತ್ತರ ಗಂಡಸರಿಗೂ ಹೆಂಗಸರಿಗೂ 3.05 ಮೀಟರ್, ಅಂತರರಾಷ್ಟ್ರೀಯ ನಿಯಮದಲ್ಲಿ ಮೂರು ಅಂಕದ ಗೆರೆ ಇಬ್ಬರಿಗೂ 6.75 ಮೀಟರ್. ಹೆಂಗಸರ ಚೆಂಡು ಮಾತ್ರ ಒಂದು ಅಳತೆ ಚಿಕ್ಕದು: ಗಂಡಸರಿಗೆ ಏಳು, ಇವರಿಗೆ ಆರು.

ನಂಬಿಕೆ: ಲೀಗಿಗೆ ಸೇರಿದರೆ ಕೋಟಿ ಕೋಟಿ

ಡಬ್ಲ್ಯುಎನ್‌ಬಿಎ 1997ರ ಜೂನ್‌ನಲ್ಲಿ ಎಂಟು ತಂಡಗಳಿಂದ ಶುರುವಾಯಿತು. ಮೊದಲ ನಾಲ್ಕೂ ವರ್ಷ ಪ್ರಶಸ್ತಿ ಗೆದ್ದ ಹ್ಯೂಸ್ಟನ್ ಕಾಮೆಟ್ಸ್ ತಂಡಕ್ಕೆ 2008ರಲ್ಲಿ ಕೊಳ್ಳುವವರೇ ಇಲ್ಲದೆ ಬಾಗಿಲು ಬಿತ್ತು. 2025ರ ಋತುವಿನಲ್ಲೂ ಅಲ್ಲಿ ಕನಿಷ್ಠ ಸಂಬಳ ಸುಮಾರು 66 ಸಾವಿರ ಡಾಲರ್ ಇತ್ತು. ಗಂಡಸರ ಎನ್‌ಬಿಎಯಲ್ಲಿ ಕನಿಷ್ಠವೇ ಹತ್ತು ಲಕ್ಷ ಡಾಲರ್ ದಾಟುತ್ತದೆ. ಡಯಾನಾ ಟೌರಾಸಿಯಂಥ ದೊಡ್ಡ ಆಟಗಾರ್ತಿ 2015ರಲ್ಲಿ ಅಮೆರಿಕದ ಋತುವನ್ನೇ ಬಿಟ್ಟು ಸುಮ್ಮನೆ ಕೂತಳು. ಅವಳ ರಷ್ಯಾದ ಕ್ಲಬ್ ‘ಬೇಸಿಗೆ ವಿಶ್ರಾಂತಿ ತಗೋ’ ಅಂತ ಅಮೆರಿಕದ ಸಂಬಳಕ್ಕಿಂತ ಹೆಚ್ಚು ಹಣ ಕೊಟ್ಟಿತ್ತು.

ನಂಬಿಕೆ: ಭಾರತದಲ್ಲಿ ಹೆಂಗಸರ ತಂಡಗಳೇ ಇಲ್ಲ

ನನಗೆ ಎಲ್ಲಕ್ಕಿಂತ ಬೇಸರ ತರಿಸುವ ಮಾತು ಇದೇ. 2017ರಲ್ಲಿ ಏಷ್ಯಾ ಕಪ್ ನಡೆದದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿತು. ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಆಡಿ, 2011ರಲ್ಲಿ ಡಬ್ಲ್ಯುಎನ್‌ಬಿಎಯ ಮೂರು ತಂಡಗಳ ಆಯ್ಕೆ ಶಿಬಿರದವರೆಗೆ ಹೋಗಿ ಬಂದವರು. ಹದಿನೆಂಟು ವರ್ಷ ದೇಶಕ್ಕೆ ಆಡಿದ ಚೆನ್ನೈನ ಅನಿತಾ ಪಾಲ್‌ದುರೈ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಇವರಿಬ್ಬರಿಗೂ ಅನ್ನ ಕೊಟ್ಟದ್ದು ದಕ್ಷಿಣ ರೈಲ್ವೆ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ವರ್ಷಾನುಗಟ್ಟಲೆ ರೈಲ್ವೆ ಹೆಂಗಸರದೇ ಮೇಲುಗೈ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಸ್ಟೇಷನ್ನುಗಳ ಮೇಲೆ ಹಾದುಹೋಗುವ ರೈಲನ್ನು ದಿನಾ ನೋಡುವವರಿಗೆ ಆ ಇಲಾಖೆಯಲ್ಲಿ ಕ್ರೀಡಾ ಕೋಟಾ ಇದೆ ಅಂತ ಯಾರಾದರೂ ಹೇಳಬೇಕಲ್ಲ!

ಹಾಗಾದರೆ ಕೊರತೆ ಎಲ್ಲಿ? ಜಪಾನನ್ನೇ ನೋಡಿ. ಅವರ ಡಬ್ಲ್ಯು ಲೀಗ್ ಕಟ್ಟಿದ್ದು ಬಹುಮಟ್ಟಿಗೆ ಕಂಪನಿಗಳ ತಂಡಗಳ ಮೇಲೆ: ಎನಿಯೊಸ್, ಟೊಯೊಟಾ, ಡೆನ್ಸೊ, ಮಚಿದಾ ಆಡುವ ಫುಜಿತ್ಸು. ನಮ್ಮ ರೈಲ್ವೆ, ವಿದ್ಯುತ್ ಮಂಡಳಿ ತಂಡಗಳೂ ಅದೇ ಜಾತಿಯವು. ವ್ಯತ್ಯಾಸವೆಂದರೆ ಅಲ್ಲಿ ಪಂದ್ಯಗಳು ತಿಂಗಳುಗಟ್ಟಲೆ ವಾರವಾರವೂ ನಡೆಯುತ್ತವೆ, ಇಲ್ಲಿ ಟೂರ್ನಿ ಅಂದರೆ ವಾರ, ಹೆಚ್ಚೆಂದರೆ ಹತ್ತು ದಿನ. 2019ರಲ್ಲಿ ಮತ್ತೆ ಕಂಠೀರವಕ್ಕೆ ಬಂದ ಏಷ್ಯಾ ಕಪ್‌ನಲ್ಲಿ ಜಪಾನ್ ಫೈನಲ್‌ನಲ್ಲಿ ಚೀನಾವನ್ನು 71–68ರಿಂದ ಸೋಲಿಸಿತು. ಭಾರತ ಅದೇ ಜಪಾನಿನ ಎದುರು ಭಾರಿ ಅಂತರದಿಂದ ಸೋತಿತ್ತು. ಆ ಅಂತರವನ್ನು ಎತ್ತರದ ಲೆಕ್ಕಕ್ಕೆ ಹಾಕುವವರು ಸ್ಕೋರ್ ಬೋರ್ಡ್ ನೋಡಿದ್ದಾರೆ, ಆಟ ನೋಡಿಲ್ಲ.

ನಂಬಿಕೆ: ದೊಡ್ಡ ಕೋರ್ಟ್ ಇಲ್ಲದೆ ಆಗುವುದಿಲ್ಲ

ಆಗುತ್ತದೆ. ಮೂವರ ಎದುರು ಮೂವರು ಆಡುವ 3x3 ಆಟ ಟೋಕಿಯೊದಿಂದ ಒಲಿಂಪಿಕ್ಸ್‌ನಲ್ಲಿದೆ. ಅರ್ಧ ಕೋರ್ಟ್, ಒಂದೇ ರಿಂಗ್, ಬದಲಿಗೆ ಒಬ್ಬಳು. ಹತ್ತು ನಿಮಿಷ, ಇಲ್ಲವೇ ಯಾರು ಮೊದಲು 21 ಅಂಕ ಮುಟ್ಟುತ್ತಾರೋ ಅವರ ಗೆಲುವು. 2024ರಲ್ಲಿ ಪ್ಯಾರಿಸ್‌ನಲ್ಲಿ ಜರ್ಮನಿಯ ನಾಲ್ವರು ಹೆಂಗಸರು ಸ್ಪೇನನ್ನು 17–16ರಿಂದ ಸೋಲಿಸಿ ಚಿನ್ನ ಒಯ್ದರು. ಮೊದಲು ಹೇಳಿದ ಐದು ಊರುಗಳಿಗೆ ಐದು ರಿಂಗ್ ನಿಲ್ಲಿಸಿ, ಊರಿಗೊಂದು ತಂಡ ಮಾಡಿ, ಪ್ರತಿ ತಂಡವೂ ಉಳಿದವುಗಳ ಜೊತೆ ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡಿದರೆ ಇಪ್ಪತ್ತು ಪಂದ್ಯ. ಭಾನುವಾರಕ್ಕೆ ಎರಡರಂತೆ ಹತ್ತು ಭಾನುವಾರ. ಮಳೆಗಾಲ ಮುಗಿದ ಮೇಲೆ ಶುರು ಮಾಡಿದರೆ ಏಪ್ರಿಲ್ ಬಿಸಿಲಿಗೆ, ಪರೀಕ್ಷೆಗೆ ಎಷ್ಟೋ ಮೊದಲೇ ಮುಗಿಯುತ್ತದೆ.