ಸುತ್ತುನಾದವೂ ಗಣಕಯಂತ್ರವೂ

ಕೊಳ್ಳೇಗಾಲದಿಂದ ಹನೂರಿನ ಮೂಲಕ ಮಲೆ ಮಹದೇಶ್ವರ ಬೆಟ್ಟದತ್ತ ಸಾಗುವ ದಾರಿಯಲ್ಲಿ ಮಧುವನಹಳ್ಳಿ ಎಂಬ ಗ್ರಾಮವಿದೆ. ಮಾದಪ್ಪನ ಮಹಿಮೆಯನ್ನು ಹಾಡುವ ದೇವರಗುಡ್ಡರ ಪರಂಪರೆ ಈ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅವರ ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆಯಾದ ಇನ್ನೊಂದು ತಾಳ. ಈ ಜೋಡಿಗೇ ಕಂಸಾಳೆ ಎಂದು ಹೆಸರು. ಬೀಸು ಕಂಸಾಳೆಯ ಕುಣಿತದಲ್ಲಿ ತಾಳದ ನಾದವು ಒಂದೆಡೆ ನಿಲ್ಲುವುದಿಲ್ಲ. ಅದು ಕಲಾವಿದನ ತಲೆಯ ಮೇಲಿಂದ ಬೆನ್ನಿಗೆ, ಬೆನ್ನಿನಿಂದ ಕಾಲ ಬಳಿಗೆ, ಒಬ್ಬನಿಂದ ಇನ್ನೊಬ್ಬನ ಕಡೆಗೆ ಹರಿಯುತ್ತದೆ. ಮುಂದೆ ಹಾಡು, ಪಕ್ಕದಲ್ಲಿ ತಾಳ, ಹಿಂದೆ ನೆರೆದ ಭಕ್ತರ ಜಯಕಾರ. ಕಣ್ಣು ಮುಚ್ಚಿಕೊಂಡು ನಿಂತವನಿಗೂ ಯಾವ ಧ್ವನಿ ಯಾವ ದಿಕ್ಕಿನಿಂದ ಬಂದಿತೆಂಬುದು ತಿಳಿಯುತ್ತದೆ.

ಇದೇ ಹಾಡನ್ನು ಒಂದೇ ಮೈಕಿನಿಂದ ಮುದ್ರಿಸಿ, ಒಂದೇ ಧ್ವನಿವರ್ಧಕದಿಂದ ಕೇಳಿದರೆ ಮಾತು ಉಳಿಯುತ್ತದೆ, ರಾಗ ಉಳಿಯುತ್ತದೆ, ತಾಳವೂ ಉಳಿಯುತ್ತದೆ. ಆದರೆ ದಿಕ್ಕು ಉಳಿಯುವುದಿಲ್ಲ. ಹಾಡಿನ ಸುತ್ತಲಿದ್ದ ಲೋಕವೇ ಮಾಯವಾಗುತ್ತದೆ. ಈ ಕೊರತೆಯನ್ನು ನೀಗಿಸಲು ಮಾನವನು ಕಂಡುಕೊಂಡ ವಿಧಾನವೇ ಸುತ್ತುನಾದ ಅಥವಾ ಸರೌಂಡ್ ಸೌಂಡ್. ಅದನ್ನು ಇಂದು ಗಣಕಯಂತ್ರದ ಮೂಲಕವೇ ಕೇಳಬಹುದು. ಆದರೆ ಅದಕ್ಕೆ ಎಂತಹ ಗಣಕ ಬೇಕು? ಅದರಲ್ಲಿ ಯಾವ ಕಾರ್ಯಾಚರಣೆ ವ್ಯವಸ್ಥೆ ಇರಬೇಕು? ನಾದವನ್ನು ನುಡಿಸುವ ಯಂತ್ರವೇ ದಿನನಿತ್ಯದ ಕೆಲಸಕ್ಕೂ ಒದಗೀತೇ? ಈ ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸೋಣ.

ಮೊದಲು ನಮ್ಮ ಕಿವಿಗಳನ್ನೇ ಗಮನಿಸಬೇಕು. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುತ್ತದೆ. ಬಲಗಡೆ ಹುಟ್ಟಿದ ಸದ್ದು ಬಲಗಿವಿಯನ್ನು ಮೊದಲು ಮುಟ್ಟಿ, ತಲೆಯನ್ನು ಬಳಸಿಕೊಂಡು ಎಡಗಿವಿಯನ್ನು ತುಸು ತಡವಾಗಿ ಸೇರುತ್ತದೆ. ಈ ಅಂತರ ಹೆಚ್ಚೆಂದರೆ ಒಂದು ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಆರೇಳು ಭಾಗದಷ್ಟು. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನೂ ಮಿದುಳು ಗುರುತಿಸಬಲ್ಲದು. ಅಷ್ಟೇ ಅಲ್ಲದೆ, ತಲೆಯು ಅಡ್ಡ ಬರುವುದರಿಂದ ದೂರದ ಕಿವಿಗೆ ಧ್ವನಿ ಸ್ವಲ್ಪ ಕ್ಷೀಣವಾಗಿಯೂ ಕೇಳುತ್ತದೆ. ಹೊರಕಿವಿಯ ಮಡಿಕೆಗಳು ಧ್ವನಿಯು ಮುಂದಿನಿಂದ ಬಂದಿತೋ ಹಿಂದಿನಿಂದ ಬಂದಿತೋ ಎಂಬುದನ್ನು ತಿಳಿಯಲು ನೆರವಾಗುತ್ತವೆ.

ಈ ತತ್ತ್ವವನ್ನು ಅರಿತ ವಿಜ್ಞಾನಿಗಳು ಹಂತಹಂತವಾಗಿ ಮುನ್ನಡೆದರು. 1931ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಎಂಬ ಎಂಜಿನಿಯರು ಎರಡು ವಾಹಿನಿಗಳ ಧ್ವನಿಮುದ್ರಣಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದನು. ಇದೇ ಇಂದಿನ ಸ್ಟೀರಿಯೋ ಪದ್ಧತಿಗೆ ತಳಹದಿ. 1940ರಲ್ಲಿ ವಾಲ್ಟ್ ಡಿಸ್ನಿಯ ‘ಫ್ಯಾಂಟೇಸಿಯಾ’ ಚಿತ್ರವು ಪ್ರೇಕ್ಷಕರಿಗೆ ಹಲವು ದಿಕ್ಕುಗಳಿಂದ ಸಂಗೀತವನ್ನು ಕೇಳಿಸಿತು. ಧ್ವನಿಶಾಸ್ತ್ರದಲ್ಲಿ ಹೆಸರಾದ ರೇ ಡಾಲ್ಬಿಯವರಿಗೆ ನಮ್ಮ ದೇಶದ ಸಂಬಂಧವೂ ಉಂಟು. 1963ರಿಂದ ಎರಡು ವರ್ಷಗಳ ಕಾಲ ಯುನೆಸ್ಕೋದ ತಾಂತ್ರಿಕ ಸಲಹೆಗಾರರಾಗಿ ಭಾರತದಲ್ಲಿದ್ದ ಅವರು, 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಪ್ರಯೋಗಶಾಲೆಯನ್ನು ಸ್ಥಾಪಿಸಿದರು. ಅದೇ ಸಂಸ್ಥೆ ರೂಪಿಸಿದ ಆರು ವಾಹಿನಿಗಳ ಡಿಜಿಟಲ್ ಪದ್ಧತಿ 1992ರಲ್ಲಿ ಚಿತ್ರಮಂದಿರಗಳಿಗೆ ಬಂದಿತು.

ಈ ಪದ್ಧತಿಯನ್ನು 5.1 ಎಂದು ಬರೆಯುವುದು ರೂಢಿ. ಮುಂದೆ ಎಡ, ನಡು, ಬಲ ಎಂದು ಮೂರು. ಕೇಳುಗನ ಇಕ್ಕೆಲಗಳಲ್ಲಿ ತುಸು ಹಿಂದಕ್ಕೆ ಎರಡು. ಹೀಗೆ ಪೂರ್ಣ ಸ್ಪೀಕರುಗಳು ಐದು. ಗುಡುಗಿನಂತಹ ಮಂದ್ರಧ್ವನಿಯನ್ನು ಮಾತ್ರ ಹೊರಡಿಸುವ ಆರನೆಯ ಸ್ಪೀಕರನ್ನು ‘.1’ ಎಂಬುದು ಸೂಚಿಸುತ್ತದೆ. ಬಹು ತಗ್ಗಿನ ಸ್ವರಗಳ ದಿಕ್ಕನ್ನು ಕಿವಿಯು ಅಷ್ಟಾಗಿ ಗುರುತಿಸಲಾರದಾದುದರಿಂದ ಅದಕ್ಕೆ ಒಂದೇ ಪೆಟ್ಟಿಗೆ ಸಾಕಾಗುತ್ತದೆ.

ಇನ್ನು ಗಣಕಯಂತ್ರದ ಪಾತ್ರವನ್ನು ನೋಡೋಣ. ಗಣಕಕ್ಕೆ ಧ್ವನಿ ಎಂದರೆ ಅಂಕಿಗಳ ಸಾಲು. ಒಂದು ಸೆಕೆಂಡಿನ ಧ್ವನಿಯನ್ನು 48,000 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ ಎರಡು ಬೈಟುಗಳಲ್ಲಿ ಬರೆದಿಡುತ್ತಾರೆಂದು ಭಾವಿಸಿ. ಆರು ವಾಹಿನಿಗಳಿಗೆ ಸೆಕೆಂಡಿಗೆ 5,76,000 ಬೈಟುಗಳು, ಒಂದು ನಿಮಿಷಕ್ಕೆ ಸುಮಾರು 3.45 ಕೋಟಿ ಬೈಟುಗಳು ಬೇಕಾಗುತ್ತವೆ. ಈ ರಾಶಿಯಲ್ಲಿ ಒಂದು ಅಂಕಿಯೂ ತಡವಾಗದಂತೆ, ಎಡಕ್ಕೆ ಸಲ್ಲಬೇಕಾದುದು ಬಲಕ್ಕೆ ಹೋಗದಂತೆ ನೋಡಿಕೊಳ್ಳುವ ಸೂತ್ರಧಾರನೇ ಕಾರ್ಯಾಚರಣೆ ವ್ಯವಸ್ಥೆ ಅಥವಾ ಆಪರೇಟಿಂಗ್ ಸಿಸ್ಟಂ. ನಾಟಕದ ಸೂತ್ರಧಾರನು ತಾನು ಪಾತ್ರ ವಹಿಸದಿದ್ದರೂ ಯಾರು ಯಾವಾಗ ರಂಗಕ್ಕೆ ಬರಬೇಕೆಂಬುದನ್ನು ನಿರ್ಧರಿಸುವಂತೆ, ಈ ತಂತ್ರಾಂಶವು ಪರದೆ, ಕೀಲಿಮಣೆ, ಮುದ್ರಣಯಂತ್ರ, ಧ್ವನಿಫಲಕ ಮೊದಲಾದವುಗಳನ್ನೆಲ್ಲ ತನ್ನ ಅಂಕೆಯಲ್ಲಿ ಇಟ್ಟುಕೊಂಡಿರುತ್ತದೆ. ಒಂದೊಂದು ಉಪಕರಣದ ಭಾಷೆಯನ್ನು ಅದಕ್ಕೆ ತಿಳಿಸಿಕೊಡುವ ಚಿಕ್ಕ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ತಕ್ಕ ಡ್ರೈವರ್ ಇಲ್ಲದಿದ್ದರೆ ಎಷ್ಟೇ ಬೆಲೆಬಾಳುವ ಧ್ವನಿಫಲಕವೂ ಮೂಕವಾಗುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸುತ್ತುನಾದವು ಒಂದು ಸರಪಳಿ. ಮುದ್ರಿಕೆಯಲ್ಲಿ ಆರು ವಾಹಿನಿಗಳಿರಬೇಕು. ಅದನ್ನು ನುಡಿಸುವ ತಂತ್ರಾಂಶ, ಕಾರ್ಯಾಚರಣೆ ವ್ಯವಸ್ಥೆ, ಧ್ವನಿಫಲಕ, ತಂತಿ, ಸ್ಪೀಕರು ಇವೆಲ್ಲವೂ ಆರನ್ನೂ ಸಾಗಿಸಬಲ್ಲವಾಗಿರಬೇಕು. ಒಂದು ಕೊಂಡಿ ಎರಡಕ್ಕೆ ಇಳಿದರೆ ಇಡೀ ಸರಪಳಿಯೇ ಎರಡಕ್ಕೆ ಇಳಿಯುತ್ತದೆ. ಹಳೆಯ ಏಕವಾಹಿನಿ ಮುದ್ರಿಕೆಯನ್ನು ಆರು ಸ್ಪೀಕರುಗಳಿಗೆ ಹಂಚುವ ತಂತ್ರಾಂಶಗಳುಂಟು. ಆದರೆ ಅದು ಊಹೆಯೇ ಹೊರತು ನಿಜವಾದ ದಿಕ್ಕಲ್ಲ. ಆರು ವಾಹಿನಿಗಳ ಸೌಲಭ್ಯವಿರುವ ಗಣಕದ ಹಿಂಬದಿಯಲ್ಲಿ ಸಾಮಾನ್ಯವಾಗಿ ಹಸಿರು, ಕಪ್ಪು, ಕಿತ್ತಳೆ ಬಣ್ಣದ ಮೂರು ರಂಧ್ರಗಳಿರುತ್ತವೆ. ಹಸಿರು ಮುಂದಿನ ಎರಡಕ್ಕೆ, ಕಪ್ಪು ಹಿಂದಿನ ಎರಡಕ್ಕೆ, ಕಿತ್ತಳೆ ನಡುವಿನದಕ್ಕೂ ಮಂದ್ರಕ್ಕೂ ಸಲ್ಲುತ್ತದೆ. ಎಚ್‌ಡಿಎಂಐ ತಂತಿಯಾದರೆ ಒಂದರಲ್ಲಿಯೇ ಎಂಟು ವಾಹಿನಿಗಳನ್ನೂ ಸಾಗಿಸಬಲ್ಲದು.

ಮನೆ, ಶಾಲೆ, ಕಚೇರಿಗಳ ಗಣಕಗಳಲ್ಲಿ ಇಂದು ಹೆಚ್ಚಾಗಿ ಕಾಣಬರುವ ಕಾರ್ಯಾಚರಣೆ ವ್ಯವಸ್ಥೆಗಳು ಮೂರು. ಮೊದಲನೆಯದು ಮೈಕ್ರೋಸಾಫ್ಟ್ ಸಂಸ್ಥೆಯು 1985ರಲ್ಲಿ ಹೊರತಂದ ವಿಂಡೋಸ್. ಧ್ವನಿಫಲಕ ತಯಾರಕರು ಸಾಮಾನ್ಯವಾಗಿ ಇದಕ್ಕೇ ಮೊದಲು ಡ್ರೈವರ್ ಒದಗಿಸುವುದರಿಂದ ಸುತ್ತುನಾದದ ಜೋಡಣೆ ಸುಲಭ. ಹಣ ತೆತ್ತು ಚಲನಚಿತ್ರ ನೋಡುವ ಕೆಲವು ಸೇವೆಗಳು ಗಣಕದಲ್ಲಿ ಆರು ವಾಹಿನಿಗಳನ್ನು ಕೊಡುವುದು ನಿರ್ದಿಷ್ಟ ವ್ಯವಸ್ಥೆಗಳಿಗೆ ಮಾತ್ರ. ಅವುಗಳಲ್ಲಿ ಇದೂ ಒಂದು. ಎರಡನೆಯದು ಆಪಲ್ ಸಂಸ್ಥೆಯ ಮ್ಯಾಕ್ ಓಎಸ್. ಸಂಗೀತ ಸಂಯೋಜಕರು ಇದನ್ನು ಬಹಳವಾಗಿ ಮೆಚ್ಚುತ್ತಾರೆ. ಆದರೆ ಅದು ಆಪಲ್ ಯಂತ್ರಗಳಿಗೆಂದೇ ರೂಪಿತವಾದುದು. ಯಂತ್ರದ ಬೆಲೆಯೂ ಹೆಚ್ಚು. ಮೂರನೆಯದು ಲಿನಕ್ಸ್. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಪ್ರಾರಂಭಿಸಿದ ಮುಕ್ತ ತಂತ್ರಾಂಶದ ಯೋಜನೆಯೂ, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ತಿರುಳೂ ಸೇರಿ ಬೆಳೆದ ವ್ಯವಸ್ಥೆ ಇದು. ಉಬುಂಟು, ಡೆಬಿಯನ್ ಮುಂತಾದ ರೂಪಗಳಲ್ಲಿ ಬೆಲೆಯಿಲ್ಲದೆ ದೊರೆಯುತ್ತದೆ. ಅದನ್ನು ನಕಲು ಮಾಡಿ ಹಂಚುವುದಕ್ಕೂ, ತಿದ್ದುವುದಕ್ಕೂ ಅನುಮತಿಯುಂಟು. ಹಿಂದೆ ಇದರಲ್ಲಿ ಧ್ವನಿಯ ಜೋಡಣೆ ತೊಡಕಿನದಾಗಿತ್ತು. ‘ಆಲ್ಸಾ’ ಎಂಬ ಡ್ರೈವರುಗಳ ಸಮೂಹವೂ, ಈಚಿನ ‘ಪೈಪ್‌ವೈರ್’ ಎಂಬ ಧ್ವನಿ ನಿರ್ವಾಹಕವೂ ಆ ತೊಡಕನ್ನು ಬಹುಮಟ್ಟಿಗೆ ನಿವಾರಿಸಿವೆ.

ಇವುಗಳಲ್ಲಿ ಯಾವುದು ಶ್ರೇಷ್ಠ? ಈ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಆದುದರಿಂದ ಒಂದು ಸಂದರ್ಭವನ್ನು ಊಹಿಸಿಕೊಂಡು ವಿಚಾರ ಮಾಡೋಣ. ಮಧುವನಹಳ್ಳಿಯಂತಹ ಊರಿನ ಒಂದು ಶಾಲೆಯಲ್ಲಿ ಕೆಲವು ವರ್ಷ ಹಳೆಯದಾದ ಒಂದು ಗಣಕವಿದೆ. ಅದರ ಹಿಂಬದಿಯಲ್ಲಿ ಮೂರು ಬಣ್ಣದ ರಂಧ್ರಗಳಿವೆ. ಊರಿನ ಕಂಸಾಳೆಯ ಮೇಳವನ್ನು ಆರು ವಾಹಿನಿಗಳಲ್ಲಿ ಮುದ್ರಿಸಿ ಮಕ್ಕಳಿಗೆ ಕೇಳಿಸಬೇಕೆಂಬುದು ಅಧ್ಯಾಪಕರ ಹಂಬಲ. ಅದೇ ಗಣಕದಲ್ಲಿ ಕನ್ನಡದಲ್ಲಿ ಪತ್ರ ಬರೆಯಬೇಕು, ಅಂಕಪಟ್ಟಿ ಸಿದ್ಧಪಡಿಸಬೇಕು, ಅಂತರಜಾಲದಿಂದ ಪಾಠಗಳನ್ನು ಪಡೆಯಬೇಕು. ಹೊಸ ಯಂತ್ರ ಕೊಳ್ಳಲು ಹಣವಿಲ್ಲ.

ಇಂತಹ ಗಣಕದಲ್ಲಿ ವಿಂಡೋಸ್ 10 ಇರುವ ಸಂಭವವೇ ಹೆಚ್ಚು. ಅದಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೆಂಬಲ ಮುಗಿದ ವ್ಯವಸ್ಥೆಯು ಒಡನೆಯೇ ನಿಂತುಹೋಗುವುದಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತೆಯ ಬಿರುಕುಗಳನ್ನು ಮುಚ್ಚುವವರು ಇಲ್ಲದಂತಾಗುತ್ತಾರೆ. ಅಂತರಜಾಲಕ್ಕೆ ತೆರೆದಿರುವ ಗಣಕಕ್ಕೆ ಇದು ಬಾಗಿಲಿಲ್ಲದ ಮನೆಯಂತೆ. ವಿಂಡೋಸ್ 11 ಅಳವಡಿಸೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಘಟಕ, ಕನಿಷ್ಠ 4 ಗಿಗಾಬೈಟ್ ಸ್ಮೃತಿ, ಅದು ಒಪ್ಪುವ ಸಂಸ್ಕಾರಕ ಇವೆಲ್ಲ ಬೇಕು. ಹಳೆಯ ಯಂತ್ರಗಳಲ್ಲಿ ಅನೇಕವು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಆಗ ಲಿನಕ್ಸಿನತ್ತ ದೃಷ್ಟಿ ಹರಿಸುವುದು ವಿವೇಕ.

ಕನ್ನಡದ ಪ್ರಶ್ನೆಯನ್ನೂ ಮರೆಯಲಾಗದು. ಹಿಂದೆ ನುಡಿ ಮೊದಲಾದ ತಂತ್ರಾಂಶಗಳಲ್ಲಿ ಬರೆದ ಬರಹವು ತನ್ನದೇ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. 1991ರ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಅದು ಬಳಕೆಗೆ ಬಂದ ಮೇಲೆ ಮೇಲಿನ ಮೂರು ವ್ಯವಸ್ಥೆಗಳೂ ಕನ್ನಡವನ್ನು ತೋರಿಸಬಲ್ಲವು, ಬರೆಸಬಲ್ಲವು. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತು ಬಳಕೆಗೆ ತಂದ ಕೀಲಿಮಣೆಯ ವಿನ್ಯಾಸವು ಲಿನಕ್ಸಿನಲ್ಲಿಯೂ ‘ಕಗಪ’ ಎಂಬ ಹೆಸರಿನಿಂದ ದೊರೆಯುತ್ತದೆ. ಆದರೆ ಹಳೆಯ ಸಂಕೇತದಲ್ಲಿರುವ ಕಡತಗಳನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ.

ಹೀಗೆಂದು ಕೂಡಲೇ ಹಳೆಯ ವ್ಯವಸ್ಥೆಯನ್ನು ಅಳಿಸಿಹಾಕಬಾರದು. ಮೊದಲು ಕಡತಗಳೆಲ್ಲವನ್ನೂ ಬೇರೊಂದು ಡಿಸ್ಕಿನಲ್ಲಿ ನಕಲು ಮಾಡಿಡಬೇಕು. ಬಳಿಕ ಲಿನಕ್ಸನ್ನು ಒಂದು ಪೆನ್‌ಡ್ರೈವಿಗೆ ತುಂಬಿ, ಗಣಕದ ಡಿಸ್ಕನ್ನು ಮುಟ್ಟದೆಯೇ ಅದರಿಂದ ಯಂತ್ರವನ್ನು ಚಾಲನೆ ಮಾಡಿ ನೋಡಬಹುದು. ಮುದ್ರಣಯಂತ್ರ ಕೆಲಸ ಮಾಡುತ್ತದೆಯೇ? ಅಂತರಜಾಲ ದೊರೆಯುತ್ತದೆಯೇ? ಕನ್ನಡ ಸರಿಯಾಗಿ ಮೂಡುತ್ತದೆಯೇ? ಧ್ವನಿಯ ಆಯ್ಕೆಗಳಲ್ಲಿ 5.1 ಕಾಣಿಸುತ್ತದೆಯೇ? ಕಾಣಿಸಿದರೆ ಒಂದೊಂದೇ ಸ್ಪೀಕರಿಗೆ ಸದ್ದು ಕಳುಹಿಸಿ, ಮುಂದಿನದು ಮುಂದೆಯೂ ಹಿಂದಿನದು ಹಿಂದೆಯೂ ನುಡಿಯುವುದೇ ಎಂದು ಪರೀಕ್ಷಿಸಬೇಕು. ವಿಂಡೋಸಿನಲ್ಲಿ ಮಾತ್ರ ನಡೆಯುವ ಯಾವುದಾದರೂ ತಂತ್ರಾಂಶ ಕಚೇರಿಗೆ ಅನಿವಾರ್ಯವಾಗಿದ್ದರೆ ಎರಡು ವ್ಯವಸ್ಥೆಗಳನ್ನೂ ಒಂದೇ ಗಣಕದಲ್ಲಿ ಇರಿಸಿಕೊಳ್ಳಬಹುದು. ಬೆಂಬಲ ಮುಗಿದುದನ್ನು ಅಂತರಜಾಲದಿಂದ ದೂರವಿಡಬೇಕು.

ಸ್ಪೀಕರುಗಳ ಸ್ಥಾನವೂ ಮುಖ್ಯ. ನಡುವಿನದು ಕೇಳುಗನ ಎದುರಿಗೆ ನೇರವಾಗಿರಬೇಕು. ಎಡಬಲದವು ಅದರಿಂದ 30 ಡಿಗ್ರಿ ಕೋನದಲ್ಲಿಯೂ, ಹಿಂದಿನವು 100ರಿಂದ 120 ಡಿಗ್ರಿ ಕೋನದಲ್ಲಿಯೂ ಇರಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಸೂಚಿಸಿದೆ. ಒಂದು ಕೋನಮಾಪಕ, ಒಂದು ದಾರ ಇದ್ದರೆ ವಿದ್ಯಾರ್ಥಿಗಳೇ ಇದನ್ನು ಅಳೆದು ಜೋಡಿಸಬಲ್ಲರು. ಈ ಕೆಲಸಕ್ಕೆ ಹಣ ಬೇಕಿಲ್ಲ, ಶ್ರದ್ಧೆ ಬೇಕು.

ಯಂತ್ರದ ಆಯ್ಕೆಯಲ್ಲಿ ಹೆಸರಿಗಿಂತ ಅಗತ್ಯ ಮುಖ್ಯ. ನಮಗೆ ಏನು ಕೆಲಸವಾಗಬೇಕು, ನಮ್ಮಲ್ಲಿ ಏನಿದೆ, ನಾಳೆಯೂ ಅದು ಸುರಕ್ಷಿತವಾಗಿ ಉಳಿಯುವುದೇ, ನಮ್ಮ ನುಡಿಗೆ ಅದರಲ್ಲಿ ಎಡೆಯುಂಟೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡವನು ಮೋಸಹೋಗುವುದಿಲ್ಲ. ನೆರೆಮನೆಯವರು ಕೊಂಡರೆಂದು ಕೊಳ್ಳುವುದೂ, ಹೊಸತೆಂಬ ಕಾರಣಕ್ಕೇ ಹಳೆಯದನ್ನು ಎಸೆಯುವುದೂ ವಿವೇಕವಲ್ಲ. ಹಿರಿಯ ಕಲಾವಿದರ ಕಂಠದಲ್ಲಿರುವ ಕಾವ್ಯ ಅವರೊಡನೆಯೇ ಮರೆಯಾಗುವ ಮುನ್ನ ಅದನ್ನು ಅದರ ದಿಕ್ಕುದಿಕ್ಕಿನ ನಾದದೊಡನೆ ಉಳಿಸಿಕೊಳ್ಳಲು ಒಂದು ಹಳೆಯ ಗಣಕ, ಆರು ಸ್ಪೀಕರು, ತಿಳಿದು ಆರಿಸಿದ ಒಂದು ವ್ಯವಸ್ಥೆ ಇವು ನೆರವಾದರೆ ವಿಜ್ಞಾನದ ಕಲಿಕೆ ಸಾರ್ಥಕವಾದಂತೆ.