ಕಾವಲಿನ ಹುಲ್ಲು ಮತ್ತು ಮಹಾಶಕ್ತಿಗಳ ಪೈಪೋಟಿ

ಯುದ್ಧವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ದೂರದ ರಣರಂಗ, ದೊಡ್ಡ ರಾಜಧಾನಿಗಳು, ಒಪ್ಪಂದಗಳಿಗೆ ಸಹಿ ಹಾಕುವ ಮುತ್ಸದ್ದಿಗಳು. ಚಳ್ಳಕೆರೆಯ ಶೇಂಗಾ ಹೊಲಕ್ಕೂ ಮೊಳಕಾಲ್ಮೂರಿನ ಮಗ್ಗಕ್ಕೂ ಅವುಗಳೊಡನೆ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಆದರೆ ಮಳೆ ಕಡಿಮೆಯಾದ ಈ ಎರಡು ತಾಲ್ಲೂಕುಗಳ ನೆಲವನ್ನು ಕೊಂಚ ಸಾವಧಾನವಾಗಿ ಪರಿಶೀಲಿಸಿದರೆ, ಜಗತ್ತಿನ ಬಲಾಢ್ಯರ ಕಲಹಗಳು ಇಲ್ಲಿಯ ಹುಲ್ಲಿನ ಮೇಲೆಯೂ ನೂಲಿನ ಮೇಲೆಯೂ ತಮ್ಮ ಗುರುತನ್ನು ಬಿಟ್ಟುಹೋಗಿರುವುದು ಕಂಡುಬರುತ್ತದೆ.

ರಣರಂಗಕ್ಕೆ ನಡೆದ ಎತ್ತುಗಳು

ಈ ಸೀಮೆಯ ವಿಶಾಲವಾದ ಕಾವಲುಗಳು ಅಮೃತಮಹಲ್ ರಾಸುಗಳಿಗಾಗಿ ಮೀಸಲಾದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಿಂದ ಆರಂಭವಾದ ಈ ವ್ಯವಸ್ಥೆಗೆ ಅಮೃತಮಹಲ್ ಎಂಬ ಹೆಸರಿತ್ತವನು ಟಿಪ್ಪು ಸುಲ್ತಾನ. ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗದ ರಾಸುಗಳು ಸೇರಿ ಬೆಳೆದ ಬಳಗವಿದು. ಹಾಲಿಗಿಂತ ಓಟಕ್ಕೆ, ಸಹನೆಗೆ ಹೆಸರಾದ ಈ ಎತ್ತುಗಳೇ ಹೈದರಾಲಿಯ ಫಿರಂಗಿಗಳನ್ನು ಎಳೆದವು. ಶತ್ರು ಬೆನ್ನಟ್ಟಿ ಬರುತ್ತಿದ್ದಾಗಲೂ ಫಿರಂಗಿಗಳನ್ನು ಕಳೆದುಕೊಳ್ಳದೆ ಹಿಂದೆ ಸರಿಯುವ ಮೈಸೂರು ಸೈನ್ಯದ ಸಾಮರ್ಥ್ಯದ ಗುಟ್ಟು ಇವುಗಳ ಗೊರಸಿನಲ್ಲಿ ಅಡಗಿತ್ತು.

ಮೈಸೂರಿನ ಯುದ್ಧಗಳು ಕೇವಲ ಮೈಸೂರಿನವಾಗಿರಲಿಲ್ಲ. ಅಂದಿನ ಮಹಾಶಕ್ತಿಗಳಾದ ಇಂಗ್ಲೆಂಡ್ ಮತ್ತು ಫ್ರಾನ್ಸ್ ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಸೆಣಸುತ್ತಿದ್ದವು. ಆ ಸೆಣಸಾಟದ ಒಂದು ಕವಲು ನಮ್ಮ ನಾಡಿಗೂ ಹರಿದುಬಂದಿತು. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಯನ್ನು ಮುತ್ತಿದ್ದಾಗ ಅವನ ಪಕ್ಕದಲ್ಲಿ ಫ್ರೆಂಚ್ ಸೈನಿಕರಿದ್ದರು. ಯೂರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಸಂಧಿ ಮಾಡಿಕೊಂಡ ಸುದ್ದಿ ತಲುಪಿದೊಡನೆ ಅವರು ಯುದ್ಧದಿಂದ ಹಿಂದೆ ಸರಿದರು. ಬಲಿಷ್ಠರ ಸ್ನೇಹವು ಅವರ ಸ್ವಹಿತ ಇರುವವರೆಗೆ ಮಾತ್ರ ಎಂಬ ಪಾಠವನ್ನು ಕನ್ನಡ ನಾಡು ಅಂದೇ ಕಲಿಯಬೇಕಾಯಿತು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದನು. ಭಾರತದಲ್ಲಿದ್ದ ಇಂಗ್ಲಿಷರ ಆತಂಕ ಹೆಚ್ಚಿತು. ಮರುವರ್ಷವೇ ಶ್ರೀರಂಗಪಟ್ಟಣ ಬಿದ್ದಿತು. ಅಮೃತಮಹಲ್ ರಾಸುಗಳು ಆಂಗ್ಲರ ವಶವಾದವು. ಮುಂದೆ ನೆಪೋಲಿಯನ್ನನನ್ನೇ ವಾಟರ್ಲೂನಲ್ಲಿ ಸೋಲಿಸಿದ ಆರ್ಥರ್ ವೆಲ್ಲೆಸ್ಲಿ, ದಕ್ಷಿಣ ಭಾರತದ ತನ್ನ ದಂಡಯಾತ್ರೆಗಳಲ್ಲಿ ಈ ಎತ್ತುಗಳನ್ನೇ ನೆಚ್ಚಿದ್ದನು.

ಆಕಾಶಕ್ಕೆ ಹಾರಿದ ರೇಷ್ಮೆ

ಮೊಳಕಾಲ್ಮೂರಿನ ರೇಷ್ಮೆ ಸೀರೆ ನಮ್ಮ ಮನೆಗಳ ಮದುವೆ ಮುಂಜಿಗಳಲ್ಲಿ ಸಂಭ್ರಮದ ವಸ್ತು. ಅದರ ಮೂಲವಾದ ನೂಲು ಕೂಡ ಯುದ್ಧದ ಬಿಸಿಯನ್ನು ಉಂಡದ್ದೇ. ಎರಡನೆಯ ಮಹಾಯುದ್ಧಕ್ಕೆ ಜಪಾನ್ ಇಳಿದ ಮೇಲೆ ಅಲ್ಲಿಯ ರೇಷ್ಮೆ ಭಾರತಕ್ಕೂ ಮಿತ್ರರಾಷ್ಟ್ರಗಳಿಗೂ ಬರುವುದು ನಿಂತಿತು. ಪ್ಯಾರಾಚೂಟುಗಳಿಗೆ ರೇಷ್ಮೆ ಬೇಕಾಗಿತ್ತು. ಮೈಸೂರು ಸಂಸ್ಥಾನದ ರೇಷ್ಮೆಗೆ ಒಮ್ಮೆಲೇ ಬೇಡಿಕೆ ಏರಿತು. ಸೀರೆಯ ಒಡಲಾಗಬೇಕಿದ್ದ ನೂಲು ಸೈನಿಕನ ಭಾರವನ್ನು ಹೊತ್ತು ಆಕಾಶದಿಂದಿಳಿಯಿತು. ಯುದ್ಧ ಮುಗಿದೊಡನೆ ಆ ಬೇಡಿಕೆಯೂ ಕರಗಿತು. ರೇಷ್ಮೆ ಕೃಷಿಕರು ಕಂಗೆಟ್ಟರು. 1948ರ ಕಾನೂನಿನ ಮೂಲಕ ಕೇಂದ್ರ ರೇಷ್ಮೆ ಮಂಡಳಿ ರೂಪುಗೊಳ್ಳಲು ಇಂಥ ಏರುಪೇರುಗಳೇ ಹಿನ್ನೆಲೆ. ಯುದ್ಧವು ತರುವ ಸಂಪತ್ತು ನೆರೆಯ ನೀರಿನಂತೆ. ಬಂದಷ್ಟೇ ವೇಗದಲ್ಲಿ ಇಳಿದುಹೋಗುತ್ತದೆ.

ಶೀತಲ ಸಮರದ ನೆರಳು

ಮಹಾಯುದ್ಧಾನಂತರ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಜಗತ್ತನ್ನು ಎರಡು ಪಾಳೆಯಗಳಾಗಿ ಸೀಳಿದವು. ಅಲಿಪ್ತ ನೀತಿಯನ್ನು ಹಿಡಿದ ಭಾರತವೂ ಇದರ ಒತ್ತಡಕ್ಕೆ ಹೊರತಾಗಲಿಲ್ಲ. 1971ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟದೊಡನೆ ಮೈತ್ರಿ ಒಪ್ಪಂದವಾಯಿತು. ಅದೇ ಡಿಸೆಂಬರಿನ ಬಾಂಗ್ಲಾ ಯುದ್ಧದ ವೇಳೆ ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಯತ್ತ ಬಂದಿತು. 1974ರ ಪೋಖ್ರಾನ್ ಅಣುಸ್ಫೋಟದ ನಂತರ ತಂತ್ರಜ್ಞಾನದ ಬಾಗಿಲುಗಳು ಒಂದೊಂದಾಗಿ ಮುಚ್ಚತೊಡಗಿದವು. ರಷ್ಯದಿಂದ ಕ್ರಯೋಜೆನಿಕ್ ಎಂಜಿನ್ನಿನ ತಂತ್ರಜ್ಞಾನ ಪಡೆಯಲು ಇಸ್ರೋ ಮುಂದಾದಾಗ, 1992ರಲ್ಲಿ ಅಮೆರಿಕ ಅದರ ಮೇಲೆ ನಿರ್ಬಂಧ ಹೇರಿತು. ಕೊಡುವವರಿಲ್ಲದಾಗ ನಾವೇ ಮಾಡಿಕೊಳ್ಳಬೇಕೆಂಬ ಸಂಕಲ್ಪ ಬಲವಾಯಿತು. ಸ್ವದೇಶಿ ಕ್ರಯೋಜೆನಿಕ್ ಎಂಜಿನ್ನಿನ ರಾಕೆಟ್ 2014ರ ಜನವರಿಯಲ್ಲಿ ಯಶಸ್ವಿಯಾಗಿ ಮೇಲೇರಿತು.

ಮಾಡಿಕೊಳ್ಳುವುದಕ್ಕೆ ಪ್ರಯೋಗಾಲಯ ಬೇಕು, ಪರೀಕ್ಷೆಗೆ ಬಯಲು ಬೇಕು. ಆ ಬಯಲು ದೊರೆತದ್ದು ಚಳ್ಳಕೆರೆಯ ಕಾವಲುಗಳಲ್ಲಿ. ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ಭೂಮಿ ರಕ್ಷಣಾ ಸಂಶೋಧನಾ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳಿಗೆ ಹಂಚಿಕೆಯಾಯಿತು. ಇಲ್ಲಿಯ ವೈಮಾನಿಕ ಪರೀಕ್ಷಾ ವಲಯದಿಂದ 2016ರ ನವೆಂಬರಿನಲ್ಲಿ ‘ರುಸ್ತುಂ-2’ ಚಾಲಕರಹಿತ ವಿಮಾನ ಮೊದಲ ಬಾರಿಗೆ ಹಾರಿತು. 2019ರ ಸೆಪ್ಟೆಂಬರಿನಲ್ಲಿ ಅಂಥದೇ ಒಂದು ವಿಮಾನ ತೋಟವೊಂದರಲ್ಲಿ ಬಿದ್ದು ಹಳ್ಳಿಗರನ್ನು ಬೆಚ್ಚಿಬೀಳಿಸಿತು. 2023 ಮತ್ತು 2024ರಲ್ಲಿ ಇಸ್ರೋ ತನ್ನ ಮರುಬಳಕೆಯ ವಾಹನವನ್ನು ಮೂರು ಬಾರಿ ಇಲ್ಲಿಯೇ ಇಳಿಸಿತು. ಅದನ್ನು ಮೇಲೆತ್ತಿ ಬಿಟ್ಟದ್ದು ಅಮೆರಿಕದಲ್ಲಿ ತಯಾರಾದ ಚಿನೂಕ್ ಹೆಲಿಕಾಪ್ಟರ್! ಒಂದು ಕಾಲದಲ್ಲಿ ನಿರ್ಬಂಧ ಹೇರಿದ ದೇಶದ ಯಂತ್ರವೇ ನಮ್ಮ ಪ್ರಯೋಗಕ್ಕೆ ನೆರವಾದದ್ದು ಕಾಲದ ವಿಚಿತ್ರವಲ್ಲವೇ?

ಗೋಡೆಯ ಆಚೆ ಈಚೆ

ಆದರೆ ಈ ಬಯಲು ಬರಿದಾದ ಬಯಲಾಗಿರಲಿಲ್ಲ. ಕುರಿಗಾಹಿಗಳಿಗೆ ಅದು ಅನ್ನ, ಕಂಬಳಿ ನೇಯುವವರಿಗೆ ಉಣ್ಣೆಯ ಮೂಲ, ಕೃಷ್ಣಮೃಗಗಳಿಗೆ ಮನೆ. ಮೇವಿನ ದಾರಿಗೆ ಅಡ್ಡಲಾಗಿ ಉದ್ದನೆಯ ಗೋಡೆಗಳು ಎದ್ದಾಗ ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2014ರಲ್ಲಿ ಆದೇಶ ಬಂದಿತು. ಯೋಜನೆಗಳು ಮುಂದುವರಿದವು.

ದೇಶದ ರಕ್ಷಣೆ ಬೇಡವೆಂದು ಯಾವ ವಿವೇಕಿಯೂ ಹೇಳಲಾರನು. ಇತರರ ಹಂಗಿನಲ್ಲಿ ಬಾಳಿದ ರಾಷ್ಟ್ರದ ಗತಿಯನ್ನು ಮಂಗಳೂರಿನ ಮುತ್ತಿಗೆಯೇ ತಿಳಿಸುತ್ತದೆ. ಆದರೆ ರಕ್ಷಣೆಯ ವೆಚ್ಚವನ್ನು ಲೆಕ್ಕ ಹಾಕುವಾಗ ಖಜಾನೆಯಿಂದ ಹೋದ ಹಣವನ್ನಷ್ಟೇ ಎಣಿಸಿದರೆ ಸಾಲದು. ಐವತ್ತು ಕುರಿಗಳನ್ನು ಮಾರಿ ಕೂಲಿಗೆ ಹೊರಟವನ ನಷ್ಟವೂ ಆ ಲೆಕ್ಕದಲ್ಲಿ ಸೇರಬೇಕು. ಅವನಿಗೆ ಬದಲಿ ಮೇವಿನ ನೆಲ, ಅವನ ಮಕ್ಕಳಿಗೆ ಅದೇ ಸಂಸ್ಥೆಗಳಲ್ಲಿ ಕಲಿಕೆ ಮತ್ತು ಕೆಲಸ ದೊರೆತರೆ ಆ ಋಣ ಸ್ವಲ್ಪಮಟ್ಟಿಗಾದರೂ ತೀರೀತು.

ಬಂಡೆಯ ಮೇಲಿನ ಮಾತು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ತನ್ನ ಕಾಲದ ಮಹಾಶಕ್ತಿಯ ಒಡೆಯನಾಗಿದ್ದ ಅಶೋಕ, ಕಳಿಂಗದ ರಕ್ತಪಾತವನ್ನು ಕಂಡು ಪರಿತಪಿಸಿದವನು. ಅವನು ಇಲ್ಲಿಯ ಇಸಿಲ ಪಟ್ಟಣದ ಅಧಿಕಾರಿಗಳಿಗೆ ಬರೆಸಿದ್ದು ದಂಡಯಾತ್ರೆಯ ಆಜ್ಞೆಯನ್ನಲ್ಲ. ತಂದೆತಾಯಿಗಳ ಮಾತು ಕೇಳಿರಿ, ಜೀವಿಗಳಲ್ಲಿ ದಯೆಯಿಡಿರಿ, ಸತ್ಯವನ್ನೇ ನುಡಿಯಿರಿ ಎಂಬುದು ಅದರ ಸಾರಾಂಶ.

ರಜೆಯಲ್ಲಿ ಮಕ್ಕಳೊಡನೆ ಆ ಕಡೆಗೆ ಹೋಗುವವರು ಒಂದು ಗಳಿಗೆ ಆ ಬಂಡೆಯ ಬಳಿ ನಿಲ್ಲಲಿ. ಕಾವಲಿನ ಮೇಲೆ ಹಾರುವ ವಿಮಾನವನ್ನೂ ಅವರಿಗೆ ತೋರಿಸಲಿ, ಗೋಡೆಯ ಬದಿಯಲ್ಲಿ ಸುತ್ತಿ ನಡೆಯುವ ಕುರಿಹಿಂಡನ್ನೂ ತೋರಿಸಲಿ. ಜಗತ್ತಿನ ಚರಿತ್ರೆಯನ್ನು ನಮ್ಮ ಊರಿನಲ್ಲಿ ನಿಂತೇ ಓದಬಹುದೆಂಬುದು ಆಗ ಆ ಎಳೆಯ ಮನಸ್ಸುಗಳಿಗೆ ತಾನಾಗಿಯೇ ಹೊಳೆದೀತು.